ಶಿವಪ್ಪನಾಯಕನ ಶಿಸ್ತು: ಬೊಕ್ಕಸದ ಬಲ, ಒಕ್ಕಲಿನ ಕ್ಷೇಮ

ಇಂದಿನ ಕನ್ನಡದಲ್ಲಿ 'ಶಿಸ್ತು' ಎಂದರೆ ನಡೆನುಡಿಯ ಕಟ್ಟುಪಾಡು, ಉಡುಗೆ ತೊಡುಗೆಯ ಅಚ್ಚುಕಟ್ಟು. ಮಲೆನಾಡಿನ ಹಳೆಯ ಕಂದಾಯದ ಕಡತಗಳಲ್ಲಿ ಈ ಮಾತಿಗೆ ಬೇರೊಂದು ಅರ್ಥವುಂಟು. ನೆಲದ ಗುಣವನ್ನು ಪರೀಕ್ಷಿಸಿ, ಬೆಳೆಯನ್ನು ಲೆಕ್ಕವಿಟ್ಟು, ಇಂತಿಷ್ಟೇ ಎಂದು ಗೊತ್ತುಪಡಿಸಿದ ತೆರಿಗೆಗೆ ಅಲ್ಲಿ ಶಿಸ್ತು ಎಂದು ಹೆಸರು. ಆ ಶಿಸ್ತನ್ನು ಏರ್ಪಡಿಸಿದ ಕೆಳದಿಯ ಅರಸ ಶಿವಪ್ಪನಾಯಕನನ್ನು (1645-1660) ಜನ 'ಶಿಸ್ತಿನ ಶಿವಪ್ಪನಾಯಕ' ಎಂದೇ ಕರೆದರು. ಅರಸರಿಗೆ ಬಿರುದುಗಳು ಸಾಮಾನ್ಯವಾಗಿ ಕೊಂದ ವೈರಿಗಳಿಂದಲೋ ಗೆದ್ದ ಕೋಟೆಗಳಿಂದಲೋ ಬರುತ್ತವೆ. ಕೋಟೆಗಳನ್ನು ಧಾರಾಳವಾಗಿಯೇ ಗೆದ್ದ ಒಬ್ಬ ಅರಸ, ತಾನು ವಸೂಲು ಮಾಡಿದ ತೆರಿಗೆಯ ರೀತಿಯಿಂದ ಜನರ ನಾಲಗೆಯ ಮೇಲೆ ಉಳಿದಿರುವುದು ವಿಚಾರಾರ್ಹವಾದ ಸಂಗತಿ.

ಆಳುವವನು ಯಾವಾಗಲೂ ಎರಡು ಲೆಕ್ಕಗಳನ್ನು ಒಪ್ಪಿಸಬೇಕಾಗುತ್ತದೆ. ಕೈಗೊಂಡ ಕಾರ್ಯ ಕಡೆಗಂಡಿತೆ ಎಂಬುದು ಒಂದು. ಆ ಕಾರ್ಯದ ಭಾರವನ್ನು ಹೊತ್ತ ಜನ ಏನಾದರು ಎಂಬುದು ಇನ್ನೊಂದು. ಕಾರ್ಯಸಾಧನೆಯನ್ನೇ ನೋಡುವವನು ಜನರನ್ನು ಹಿಂಡುತ್ತಾನೆ. ಮರುಕವನ್ನಷ್ಟೇ ಬಲ್ಲವನ ರಾಜ್ಯವನ್ನು ನೆರೆಯವನು ನುಂಗುತ್ತಾನೆ, ಆಗಲೂ ಮೊದಲು ಸುಲಿಗೆಯಾಗುವುದು ಒಕ್ಕಲ ಮನೆಯೇ. ಈ ಎರಡು ಲೆಕ್ಕಗಳು ಒಂದೇ ಪುಸ್ತಕದಲ್ಲಿ ಕೂಡಿಬಂದ ಉದಾಹರಣೆಗಳು ಚರಿತ್ರೆಯಲ್ಲಿ ವಿರಳ. ಶಿವಪ್ಪನಾಯಕನ ಶಿಸ್ತು ಅಂಥವುಗಳಲ್ಲಿ ಒಂದು. ಅದರ ಗುಣವೆಲ್ಲಿತ್ತು, ಎಲ್ಲಿ ಅದು ಸಡಿಲಿತು ಎಂಬುದನ್ನು ಪರಿಶೀಲಿಸಿದರೆ ಕೆಳದಿಯ ಇತಿಹಾಸದ ಒಂದು ಮುಖ್ಯ ಮರ್ಮ ತಿಳಿಯುತ್ತದೆ.

ಶಿವಪ್ಪನಾಯಕನಿಗೆ ಕೈಗೆ ಬಂದ ರಾಜ್ಯ ಸುಖದ ರಾಜ್ಯವಾಗಿರಲಿಲ್ಲ. ವಿಜಯನಗರದ ಸಾಮಂತರಾಗಿ ತಲೆಯೆತ್ತಿದ ಕೆಳದಿಯ ನಾಯಕರು ವೆಂಕಟಪ್ಪನಾಯಕನ ಕಾಲಕ್ಕೆ ಘಟ್ಟದ ಮೇಲೂ ಕೆಳಗೂ ಪ್ರಬಲರಾಗಿದ್ದರು. 1623ರಲ್ಲಿ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಆ ಪಟ್ಟಣದ ಜನಜೀವನವನ್ನು ವಿವರವಾಗಿಯೇ ವರ್ಣಿಸಿದ್ದಾನೆ. ಆದರೆ ಮುಂದಿನ ಅರಸ ವೀರಭದ್ರನಾಯಕನ ಕಾಲದಲ್ಲಿ, 1637ರ ಸುಮಾರಿಗೆ, ಬಿಜಾಪುರದ ಸೇನಾನಿ ರಣದುಲ್ಲಾಖಾನನು ಇಕ್ಕೇರಿಯನ್ನು ಸೂರೆಗೊಂಡನು. ಅಪಾರ ಧನವನ್ನು ತೆತ್ತು ಸಂಧಿ ಮಾಡಿಕೊಳ್ಳಬೇಕಾಯಿತು. ರಾಜಧಾನಿ ಇಕ್ಕೇರಿಯ ಬಯಲಿನಿಂದ ಕಾಡುಬೆಟ್ಟಗಳ ನಡುವಣ ಬಿದನೂರಿಗೆ ಸರಿಯಿತು. ಉತ್ತರದಲ್ಲಿ ಬಿಜಾಪುರ, ಆಗ್ನೇಯದಲ್ಲಿ ಬೆಳೆಯುತ್ತಿದ್ದ ಮೈಸೂರು, ಪಶ್ಚಿಮದ ಕಡಲಂಚಿನಲ್ಲಿ ಬಂದರುಗಳನ್ನು ಹಿಡಿದು ಕುಳಿತ ಪೋರ್ತುಗೀಸರು. ಅರಿದಾದ ಬೊಕ್ಕಸ, ಮೂರು ದಿಕ್ಕಿನ ವೈರ. ಇಂಥ ಸ್ಥಿತಿಯಲ್ಲಿ ಅರಸರಾದವರು ಮಾಡುವ ಮೊದಲ ಕೆಲಸವೆಂದರೆ ತೆರಿಗೆಯನ್ನು ಏರಿಸುವುದು.

ಶಿವಪ್ಪನಾಯಕನ ಯುದ್ಧಗಳನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 1652ರಿಂದ 1654ರ ಒಳಗೆ ಬಸರೂರು, ಗಂಗೊಳ್ಳಿ, ಮಂಗಳೂರು, ಹೊನ್ನಾವರಗಳ ಪೋರ್ತುಗೀಸ್ ಕೋಟೆಗಳು ಒಂದೊಂದಾಗಿ ಅವನ ವಶವಾದವು. ಕನ್ನಡ ಕರಾವಳಿಯ ಅಕ್ಕಿಯನ್ನು ನಂಬಿದ್ದ ಗೋವೆಗೆ ಇದು ಹೊಟ್ಟೆಯ ಮೇಲಿನ ಪೆಟ್ಟು. ರಾಜ್ಯಭ್ರಷ್ಟನಾಗಿ ಅಲೆಯುತ್ತಿದ್ದ ವಿಜಯನಗರದ ಶ್ರೀರಂಗರಾಯನಿಗೆ ಅವನು ಆಶ್ರಯ ಕೊಟ್ಟು ಬೇಲೂರು, ಸಕ್ಕರೆಪಟ್ಟಣಗಳ ಸೀಮೆಯಲ್ಲಿ ನೆಲೆಗೊಳಿಸಿದನು. ಅವನ ಪರವಾಗಿ ಶ್ರೀರಂಗಪಟ್ಟಣದ ವರೆಗೂ ದಂಡೆತ್ತಿ ಹೋದನು. ಇಷ್ಟೆಲ್ಲ ಖಡ್ಗದ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿಯೇ, ನಾಡಿನ ಒಳಗೆ, ಇನ್ನೊಂದು ಸದ್ದಿಲ್ಲದ ಕೆಲಸ ಸಾಗಿತ್ತು.

ಆ ಕೆಲಸದ ಕ್ರಮವನ್ನು ಲೂಯಿ ರೈಸರು ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ದಾಖಲಿಸಿದ್ದಾರೆ. ಶಿವಪ್ಪನಾಯಕನು ಪ್ರತಿ ಗ್ರಾಮದಲ್ಲಿಯೂ ಒಂದೊಂದು ಬಗೆಯ ಮಣ್ಣಿಗೆ ಒಂದೊಂದು ಗದ್ದೆಯಂತೆ ಆರಿಸಿದನು. ಆ ಗದ್ದೆಗಳನ್ನು ಸರಕಾರದ ಸ್ವಂತ ಖರ್ಚಿನಲ್ಲಿಯೇ ಸಾಗುವಳಿ ಮಾಡಿಸಿದನು. ಬಿತ್ತಿದ ಬೀಜವೆಷ್ಟು, ಉತ್ತು ನೆಟ್ಟು ಕೊಯ್ಯಲು ತಗುಲಿದ ವೆಚ್ಚವೆಷ್ಟು, ಕಣಕ್ಕೆ ಬಂದ ಕಾಳು ಎಷ್ಟು ಎಂಬುದಕ್ಕೆಲ್ಲ ಲೆಕ್ಕವಿರಿಸಿದನು. ಇದು ಒಂದು ವರ್ಷದ ಮಾತಲ್ಲ, ಬಿಡದೆ 12 ವರ್ಷ ನಡೆಯಿತು. ಅನಂತರ ಆ 12 ವರ್ಷಗಳ ಬೆಳೆಯ ಸರಾಸರಿಯನ್ನೂ ಬೆಲೆಯ ಸರಾಸರಿಯನ್ನೂ ತೆಗೆದು, ಭೂಮಿಯನ್ನು ಗುಣಾನುಸಾರ 5 ತರಗಳಾಗಿ ವಿಂಗಡಿಸಿ, ಉತ್ಪನ್ನದ 3ರಲ್ಲಿ 1 ಭಾಗ ಅರಮನೆಗೆ, 2 ಭಾಗ ರೈತನಿಗೆ ಎಂದು ನಿಗದಿ ಮಾಡಿದನು. ಅರಮನೆಯ ಪಾಲನ್ನು ಹಣದ ರೂಪದಲ್ಲಿ ಗೊತ್ತುಪಡಿಸಲಾಯಿತು. 1660ರ ಹೊತ್ತಿಗೆ ಈ ಏರ್ಪಾಡು ಪೂರ್ಣಗೊಂಡಿತೆಂದು ಹೇಳಲಾಗಿದೆ. ಅರಸನು ತೀರಿಕೊಂಡದ್ದೂ ಅದೇ ವರ್ಷ.

ಮಲೆನಾಡಿನ ನೆಲದ ಸ್ವಭಾವವನ್ನು ಬಲ್ಲವರಿಗೆ ಈ 12 ವರ್ಷಗಳ ಅರ್ಥ ಸುಲಭವಾಗಿ ತಿಳಿದೀತು. ಒಂದೇ ಊರಿನಲ್ಲಿ ಕೆರೆಯ ಕೆಳಗಿನ ಗದ್ದೆ ಒಂದು ತೆರ, ಕಣಿವೆಯ ಕುತ್ತಿನದು ಇನ್ನೊಂದು, ಗುಡ್ಡದ ಓರೆಯದು ಮತ್ತೊಂದು. ಒಂದು ವರ್ಷ ಮಳೆ ಹೆಚ್ಚಾಗಿ ಸಸಿ ಕೊಳೆಯುತ್ತದೆ, ಮತ್ತೊಂದು ವರ್ಷ ಹೊತ್ತಿಗೆ ಬಾರದೆ ಬಾಡುತ್ತದೆ, ಇನ್ನೊಂದು ವರ್ಷ ತೆನೆ ಕಟ್ಟಿದ ಮೇಲೆ ಕಾಡುಹಂದಿ ನುಗ್ಗುತ್ತದೆ. ಒಳ್ಳೆಯ ಬೆಳೆಯ ವರ್ಷ ಅಳತೆಗೆ ಬಂದ ಅಧಿಕಾರಿಗೆ ಊರೆಲ್ಲ ಚಿನ್ನವಾಗಿಯೂ, ಬರದ ವರ್ಷ ಬಂದವನಿಗೆ ಊರೆಲ್ಲ ಬೀಳಾಗಿಯೂ ಕಾಣುತ್ತದೆ. ಮೊದಲನೆಯವನ ತೆರಿಗೆಯಿಂದ ಒಕ್ಕಲು ಓಡಿಹೋಗುತ್ತಾನೆ, ಎರಡನೆಯವನ ತೆರಿಗೆಯಿಂದ ದಂಡು ಉಪವಾಸ ಬೀಳುತ್ತದೆ. ಒಳಿತು ಕೆಡುಕುಗಳೆರಡನ್ನೂ ಕಂಡು ಎಣಿಸುವ ತನಕ ಕಾದದ್ದು ಶಿವಪ್ಪನಾಯಕನ ಹಿರಿಮೆ. ಆ ಕಾಯುವಿಕೆ ನಡೆದದ್ದು ಬೊಕ್ಕಸಕ್ಕೆ ಹಣ ತೀರ ಅಗತ್ಯವಾಗಿದ್ದಾಗ ಎಂಬುದನ್ನು ಮರೆಯಬಾರದು.

ಗದ್ದೆಗಿಂತಲೂ ಸೂಕ್ಷ್ಮವಾದದ್ದು ತೋಟದ ವಿಚಾರ. ಅಡಕೆಯ ಸಸಿ ನೆಟ್ಟವನು ಫಲ ಕಾಣಲು ವರ್ಷಗಟ್ಟಲೆ ಕಾಯಬೇಕು. ಆ ತನಕ ನೆರಳಿಗೆ ಬಾಳೆ, ಬುಡಕ್ಕೆ ಸೊಪ್ಪುಗೊಬ್ಬರ, ಬಸಿಗಾಲುವೆ, ಹೊಸ ಮಣ್ಣು ಎಂದು ಖರ್ಚೇ ಖರ್ಚು. ಗದ್ದೆಯ ರೈತ ತೆರಿಗೆಯ ಭಾರ ತಾಳಲಾರದೆ ಒಂದು ವರ್ಷ ಬೀಳು ಬಿಟ್ಟರೆ ಮರುವರ್ಷ ಉಳಬಹುದು. ತೋಟಿಗ ಕೈಬಿಟ್ಟ ತೋಟ ಒಂದು ತಲೆಮಾರಿಗೆ ಹೋದಂತೆಯೇ. ಆದುದರಿಂದ ತೋಟಗಳಿಗೆ ಬೇರೆಯೇ ಅಳತೆ ಏರ್ಪಟ್ಟಿತು. ಒಂದು ಮರಕ್ಕೂ ಇನ್ನೊಂದು ಮರಕ್ಕೂ ಇರಬೇಕಾದ ಅಂತರವನ್ನು ಒಂದು ಕೋಲಿನಿಂದ ಗೊತ್ತುಮಾಡಿ, ಅದಕ್ಕೆ 'ದಾಯ' ಎಂದು ಹೆಸರಿಟ್ಟು, ಸಾವಿರ ದಾಯಕ್ಕೆ ಇಷ್ಟು ವರಹ ಎಂದು ತೋಟದ ತರವನ್ನು ನೋಡಿ ಶಿಸ್ತು ಕಟ್ಟಲಾಯಿತು.

ಆ ಕೋಲಿನ ಉದ್ದ ಎಷ್ಟೆಂಬುದರಲ್ಲಿ ಯಾರಿಗೂ ಸಂದೇಹ ಬರುವಂತಿರಲಿಲ್ಲ. ಇಕ್ಕೇರಿಯ ಅಘೋರೇಶ್ವರ ದೇವಾಲಯದ ನೆಲಗಲ್ಲಿನ ಮೇಲೆ ಅದನ್ನು ಗುರುತಿಸಿಡಲಾಗಿತ್ತು. ರೈಸರು ಅದರ ಅಳತೆಯನ್ನು 18 ಅಡಿ 6 ಅಂಗುಲವೆಂದು ಕೊಟ್ಟಿದ್ದಾರೆ. ಈ ದೇವಾಲಯವನ್ನು ನೋಡಲು ಹೋದವರು ಅದರ ಶಿಲ್ಪವೈಭವವನ್ನೂ, ಗರ್ಭಗುಡಿಯ ಎದುರು ಸಾಷ್ಟಾಂಗವೆರಗಿದ ನಾಯಕರ ನೆಲಚಿತ್ರಗಳನ್ನೂ ಕೊಂಡಾಡಿ ಮರಳುತ್ತಾರೆ. ಅಳತೆಯ ಗುರುತಿನ ಮುಂದೆ ನಿಲ್ಲುವವರು ಕಡಮೆ. ಅಳತೆಗೋಲು ಅಧಿಕಾರಿಯ ಮನೆಯಲ್ಲಿದ್ದರೆ ಅದು ಬೆಳೆಯುತ್ತದೆ, ಕುಗ್ಗುತ್ತದೆ. ಕಾಣಿಕೆ ಕೊಟ್ಟವನಿಗೆ ಒಂದು ಕೋಲು, ಕೊಡದವನಿಗೆ ಇನ್ನೊಂದು. ಜನರೆಲ್ಲ ಬಂದುಹೋಗುವ ದೇವರ ಸನ್ನಿಧಿಯಲ್ಲಿ ಕಲ್ಲಿನ ಮೇಲೆ ಮೂಡಿಸಿದ ಅಳತೆಯನ್ನು ಯಾವ ರೈತನಾದರೂ ತನ್ನ ಹಗ್ಗದಿಂದ ಹಿಡಿದು ನೋಡಬಹುದು. ಅಧಿಕಾರಿಗೂ ಅರಸನಿಗೂ ಅದೇ ಅಳತೆ.

ಈ ವೃತ್ತಾಂತವನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆ ಸಹಜವಾದುದು. ಕೆಳದಿಯ ಅರಸು ಮನೆತನದ ಇತಿಹಾಸಕ್ಕೆ ಬಸವಪ್ಪನಾಯಕನ ಸಂಸ್ಕೃತ ಕೃತಿ 'ಶಿವತತ್ತ್ವರತ್ನಾಕರ'ವೂ (1709) ಲಿಂಗಣ್ಣನ ಚಂಪೂಕಾವ್ಯ 'ಕೆಳದಿನೃಪವಿಜಯ'ವೂ ಮುಖ್ಯ ಆಧಾರಗಳು; ಆದರೆ ಆ ಎರಡೂ ಅರಮನೆಯ ಬೆಳಕಿನಲ್ಲಿ ಹುಟ್ಟಿದವು. 12 ವರ್ಷಗಳ ಸಾಗುವಳಿಯ ವಿವರ ಬರುವುದು ಬಹುಮಟ್ಟಿಗೆ ಕಂದಾಯದ ಪರಂಪರೆಯಿಂದ. ಇಂಗ್ಲಿಷರು ಅದನ್ನು ಬರೆದುಕೊಂಡದ್ದು ಶಿವಪ್ಪನಾಯಕನ ಮರಣದಿಂದ ಬಹುಕಾಲದ ಮೇಲೆ. ಶಾನುಭೋಗರ ಬಾಯಲ್ಲಿ ಕಥೆ ಸ್ವಲ್ಪ ನುಣುಪಾಗಿರಬಹುದು. 'ಪ್ರತಿ ಗ್ರಾಮದಲ್ಲಿ' ಎಂಬುದು ಪ್ರಾಯಃ ಕೆಲವೇ ಗ್ರಾಮಗಳಿರಬಹುದು. ಆದರೆ 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ನನಿಗೆ ಜನ ಶಿವಪ್ಪನಾಯಕನ ಮೌಲ್ಯಮಾಪನವನ್ನೇ ಮೂಲವಾಗಿಟ್ಟು ಮಾತನಾಡಿದರು. ನಡುವೆ ಎರಡು ಮೂರು ಪ್ರಭುತ್ವಗಳು ಬದಲಾಗಿದ್ದವು. ಬರಿಯ ಕಟ್ಟುಕಥೆ ಅಷ್ಟು ಕಾಲ ಲೆಕ್ಕದ ಪುಸ್ತಕದಲ್ಲಿ ಬಾಳುವುದಿಲ್ಲ.

ಶಿವಪ್ಪನಾಯಕನನ್ನು ಅಕ್ಬರನ ಮಂತ್ರಿ ತೋಡರಮಲ್ಲನಿಗೆ ಹೋಲಿಸುವುದು ವಾಡಿಕೆಯಾಗಿದೆ. 1580ರಲ್ಲಿ ಜಾರಿಗೆ ಬಂದ ಮೊಗಲ್ ಪದ್ಧತಿಯಲ್ಲಿಯೂ 10 ವರ್ಷಗಳ ಸರಾಸರಿಯುಂಟು, 3ರಲ್ಲಿ 1ರ ಪ್ರಮಾಣವುಂಟು. ಹೋಲಿಕೆ ಸರಿಯಾದುದೇ, ಆದರೂ ವ್ಯತ್ಯಾಸವೊಂದಿದೆ. ಅಲ್ಲಿ ಸರಾಸರಿಗೆ ಆಧಾರವಾದದ್ದು ಅಧಿಕಾರಿಗಳು ಕೂಡಿಹಾಕಿದ ವರದಿಗಳು. ಇಲ್ಲಿ ಪ್ರಭುತ್ವವೇ 12 ವರ್ಷ ಒಕ್ಕಲಾಯಿತು: ಬೀಜದ ಖರ್ಚನ್ನು ತಾನೇ ಕೊಟ್ಟಿತು, ಮಳೆಯ ನಷ್ಟವನ್ನು ತಾನೇ ಉಂಡಿತು, ಆಮೇಲೆ ರೈತನಿಂದ ಪಾಲು ಕೇಳಿತು. ಜನರಿಂದ ದುಡಿಮೆಯನ್ನು ಬಯಸುವವನು ಆ ದುಡಿಮೆಯ ಭಾರವೆಷ್ಟೆಂಬುದನ್ನು ಮೊದಲು ತನ್ನ ಲೆಕ್ಕದಲ್ಲಿಯೇ ತೂಗಿ ನೋಡುವ ಈ ಕ್ರಮಕ್ಕೆ ಆ ಕಾಲದ ದಕ್ಷಿಣದಲ್ಲಿ ಸಮಾನವಾದುದು ಸಿಗುವುದು ಕಷ್ಟ.

ಹಾಗೆಂದು ಶಿಸ್ತು ಹಗುರವಾದ ತೆರಿಗೆಯಾಗಿತ್ತೆಂದು ಭಾವಿಸಬಾರದು. ಸ್ಮೃತಿಕಾರರು ಅರಸನಿಗೆ ವಿಧಿಸಿದ್ದು ಷಷ್ಠಾಂಶ. ಶಿವಪ್ಪನಾಯಕನು ತೆಗೆದುಕೊಂಡದ್ದು ಅದರ ಇಮ್ಮಡಿ. ಅವನಿಗೆ ಹಣ ಬೇಕಾಗಿತ್ತು, ತೆಗೆದುಕೊಂಡನು. ಅದರ ಗುಣವಿದ್ದದ್ದು ಖಚಿತತೆಯಲ್ಲಿ. ತಾನು ಕೊಡಬೇಕಾದುದೆಷ್ಟೆಂಬುದು ರೈತನಿಗೆ ಬಿತ್ತುವ ಮೊದಲೇ ತಿಳಿದಿತ್ತು. ಹೆಚ್ಚು ದುಡಿದು ಹೆಚ್ಚು ಬೆಳೆದರೆ ಆ ಹೆಚ್ಚಳ ಅವನದೇ. ಕಣದ ಬಳಿ ಕುಳಿತು ರಾಶಿಯನ್ನು ಕಣ್ಣಳತೆಯಲ್ಲಿ ತೂಗುವ ಅಧಿಕಾರಿಗೆ ಕೆಲಸವಿರಲಿಲ್ಲ, ಲಂಚಕ್ಕೂ ಅಷ್ಟೇ ಅವಕಾಶ ಕಡಮೆ. ಅತ್ತ ಅರಮನೆಗೂ ವರ್ಷದ ಹುಟ್ಟುವಳಿ ಮುಂಚಿತವಾಗಿ ಗೊತ್ತಿದ್ದುದರಿಂದ ದಂಡಿನ ಸಂಬಳ, ಕೋಟೆಯ ದುರಸ್ತಿಗಳಿಗೆ ಸಾಲದ ಗೋಜಿರಲಿಲ್ಲ. ದಕ್ಷತೆಯೂ ವಾತ್ಸಲ್ಯವೂ ಇಲ್ಲಿ ಒಂದನ್ನೊಂದು ತಿಂದುಹಾಕಲಿಲ್ಲ. ಫಲವೇನಾಯಿತೆಂಬುದಕ್ಕೆ ಹಗೆಯ ಕಡೆಯ ಸಾಕ್ಷ್ಯವೇ ಇದೆ. 1763ರಲ್ಲಿ ಬಿದನೂರನ್ನು ಹಿಡಿದ ಹೈದರನು, ಅಲ್ಲಿ ದೊರೆತ ಸಂಪತ್ತೇ ತನ್ನ ಮುಂದಿನ ಏಳಿಗೆಗೆಲ್ಲ ಅಡಿಪಾಯವೆಂದು ಭಾವಿಸಿದ್ದನೆಂಬುದನ್ನು ವಿಲ್ಕ್ಸ್ ಬರೆದಿದ್ದಾನೆ.

ಈ ಚಿತ್ರದಲ್ಲಿ ಕಾಣದ ಮುಖಗಳೂ ಇವೆ. ಶಿಸ್ತಿನ ಕಡತದಲ್ಲಿ 'ರೈತ' ಎಂದರೆ ಹಿಡುವಳಿದಾರ. ಅವನ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಾಟಿ ಮಾಡಿದವರು ಬಹುಪಾಲು ಬೇರೆಯವರು. ಮಲೆನಾಡಿನಲ್ಲಿ ಹುಟ್ಟಾಳು, ಮಣ್ಣಾಳು ಎಂದು ಕರೆಯುತ್ತಿದ್ದ ಜೀತದವರ ಪಾಲಿಗೆ 3ರಲ್ಲಿ 2 ಭಾಗದಿಂದ ಎಷ್ಟು ಇಳಿಯಿತೆಂಬುದನ್ನು ಯಾವ ಕಲ್ಲಿನ ಮೇಲೂ ಗುರುತಿಸಿಲ್ಲ. 12 ವರ್ಷ ಅರಮನೆಯ ಗದ್ದೆಗಳನ್ನು ಸಾಗುವಳಿ ಮಾಡಿದ ಕೈಗಳಲ್ಲಿಯೂ ಅವರ ಕೈಗಳೇ ಹೆಚ್ಚಾಗಿದ್ದಿರಬೇಕು. ಘಟ್ಟದ ಕೆಳಗಿನ ಸೀಮೆಯ ಕಥೆಯೂ ಬೇರೆ. ಅಲ್ಲಿ ವಿಜಯನಗರದ ಕಾಲದ ರೇಖೆಯ ಮೇಲೆ ಇಕ್ಕೇರಿಯ ಅರಸರು ಹೆಚ್ಚುವರಿ ಹೊರಿಸಿದ್ದು ಶಿವಪ್ಪನಾಯಕನಿಗಿಂತ ಮೊದಲೇ. ಅದನ್ನು ಅವನು ಇಳಿಸಿದನೆಂಬುದಕ್ಕೆ ಆಧಾರವಿಲ್ಲ.

ಶಿಸ್ತಿನ ಮುಂದಿನ ಚರಿತ್ರೆ ಇನ್ನೂ ಹೆಚ್ಚಿನ ವಿವೇಚನೆಗೆ ಅರ್ಹವಾದುದು. ಅದು ಸುಮಾರು 40 ವರ್ಷ ಏರಿಳಿತವಿಲ್ಲದೆ ನಡೆಯಿತು. ಅನಂತರ ವರಹಕ್ಕೆ 1 ಆಣೆಯಂತೆ ಮೊದಲ ಹೆಚ್ಚಳವಾಯಿತು. ಅದರ ಹೆಸರು ದಾಸೋಹ. ಹಸಿದು ಬಂದವರಿಗೆಲ್ಲ ಉಚಿತವಾಗಿ ಅನ್ನವಿಕ್ಕುವ ಏರ್ಪಾಡಿಗಾಗಿ ಚೆನ್ನಮ್ಮಾಜಿ ಅದನ್ನು ವಿಧಿಸಿದಳೆಂದು ಕಡತಗಳು ಹೇಳುತ್ತವೆ. (40 ವರ್ಷ ಎಂದು ಎಣಿಸಿದರೆ ಕಾಲ ಆ ರಾಣಿಯ ಆಳ್ವಿಕೆಯ ಅಂಚನ್ನು ಸ್ವಲ್ಪ ದಾಟುತ್ತದೆ, ಹಳೆಯ ಲೆಕ್ಕಗಳಲ್ಲಿ ಇಂಥ ತೊಡಕುಗಳು ಅಪರೂಪವಲ್ಲ.) ಔರಂಗಜೇಬನ ಕೋಪಕ್ಕೆ ಅಂಜದೆ 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ದಾರಿಯನ್ನೂ ಆಸರೆಯನ್ನೂ ಕೊಟ್ಟ ಆ ಮಹಾರಾಣಿಯ ಔದಾರ್ಯದ ಬಗೆಗೆ ಎರಡು ಮಾತಿಲ್ಲ. ದಾಸೋಹವಂತೂ ಶರಣಸಮಾಜದ ಉಸಿರು. ಆದರೂ ಇಲ್ಲೊಂದು ನುಣ್ಣನೆಯ ತೊಡಕಿದೆ. ದಾಸೋಹವು ತನ್ನ ಕಾಯಕದ ಗಳಿಕೆಯಿಂದ ಮನವೊಪ್ಪಿ ನೀಡುವಂಥದು. ಅದನ್ನು ವರಹಕ್ಕೆ ಇಂತಿಷ್ಟೆಂದು ಶಾನುಭೋಗನು ಬರೆದುಕೊಂಡಾಗ ಅನ್ನ ಅನ್ನವಾಗಿಯೇ ಉಳಿಯುತ್ತದೆ, ನೀಡುವವನು ಮಾತ್ರ ಬೇರೆಯಾಗುತ್ತಾನೆ. ಪುಣ್ಯ ಅರಮನೆಯದು, ಆಣೆ ರೈತನದು.

ಆ 1 ಆಣೆಯಿಂದ ಯಾವ ಒಕ್ಕಲೂ ಮುಳುಗಲಿಲ್ಲವೆನ್ನಬಹುದು. ಭಾರ ಸ್ವಲ್ಪವೇ, ಉದ್ದೇಶವೂ ನಿರ್ಮಲ. ಆದರೆ ಅಳತೆಯ ಮೇಲೆ ಏನನ್ನಾದರೂ ಸೇರಿಸಬಹುದೆಂಬ ರೂಢಿ ಅಲ್ಲಿಂದ ಮೊದಲಾಯಿತು. 12 ವರ್ಷ ಎಣಿಸಿ ಕಟ್ಟಿದ ಮೊತ್ತಕ್ಕೆ ಒಂದು ದಿನವೂ ಎಣಿಸದೆ ಒಂದು ಆಣೆ ಕೂಡಿತು. 18ನೆಯ ಶತಮಾನದಲ್ಲಿ ಮೊಗಲರು ಏರಿಬರುವರೆಂಬ ಭೀತಿಯಿಂದ ಅಡಕೆಯ ಮೇಲೆ 'ಪಗಡಿ' ಬಂದಿತು. ಆಮೇಲೆ ಮರಾಠರ ಚೌತಿನ ಬಾಕಿಗಾಗಿ 'ಪಟ್ಟಿ' ಬಂದಿತು. ಮೊಗಲರ ಭೀತಿ ಹೋದರೂ ಪಗಡಿ ಹೋಗಲಿಲ್ಲ. ಪ್ರತಿಯೊಂದಕ್ಕೂ ಆಯಾ ಕಾಲಕ್ಕೆ ಒಪ್ಪುವಂಥ ಕಾರಣವಿತ್ತು. ಒಮ್ಮೆಯಾದರೂ ಅರಸರು ಮತ್ತೆ ಗದ್ದೆಗಿಳಿದು, ಬೆಳೆ ಹೆಚ್ಚಿದೆಯೆ, ಬೆಲೆ ಏರಿದೆಯೆ, ಒಕ್ಕಲು ತಾಳಬಲ್ಲನೆ ಎಂದು ಪರೀಕ್ಷಿಸಿದ ಸುದ್ದಿಯಿಲ್ಲ.

ಹೈದರ್ ಟಿಪ್ಪುಗಳ ಕಾಲದಲ್ಲಿ ಹೆಚ್ಚುವರಿಗಳು ಮೂಲವನ್ನೇ ಮುಚ್ಚಿಹಾಕುವಷ್ಟು ಬೆಳೆದವು. 1799-1800ರಲ್ಲಿ ಕೆನರಾ ಸೀಮೆಯ ಕಲೆಕ್ಟರನಾಗಿದ್ದ ತಾಮಸ್ ಮನ್ರೋ, ಬಿದನೂರಿನ ಅರಸರ ಕಾಲದ ಮಿತವಾದ ಕಂದಾಯವನ್ನೂ ಅನಂತರದ ಹೇರಿಕೆಗಳಿಂದ ಪಾಳುಬಿದ್ದ ಹಿಡುವಳಿಗಳನ್ನೂ ತನ್ನ ವರದಿಗಳಲ್ಲಿ ಎದುರೆದುರಾಗಿ ನಿಲ್ಲಿಸಿದ್ದಾನೆ. ಮನ್ರೋ ಇಂಗ್ಲಿಷ್ ಕುಂಪನಿಯ ನೌಕರ, ಹಿಂದಿನ ಪ್ರಭುಗಳನ್ನು ಕೆಟ್ಟವರೆನ್ನುವುದು ಅವನಿಗೆ ಲಾಭಕರವೇ. ಆದರೂ ಕುಂಪನಿಯ ಆದಾಯ ಕುಗ್ಗುವಂತೆ ಹಳೆಯ ಮಿತಿಯನ್ನು ಹೊಗಳುವುದು ಆ ಲಾಭಕ್ಕೆ ಒದಗುವ ಮಾತಲ್ಲವಾದ್ದರಿಂದ ಅವನ ಸಾಕ್ಷ್ಯಕ್ಕೆ ಬೆಲೆಯುಂಟು.

ಶಿಸ್ತಿನ ಬೆಲೆ ನಿಜವಾಗಿ ತಿಳಿದದ್ದು ಅದಕ್ಕೆ ತದ್ವಿರುದ್ಧವಾದ ಪದ್ಧತಿಯೊಂದು ಬಂದಾಗ. ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರು ಸಂಸ್ಥಾನದಲ್ಲಿ 'ಶರ್ತು' ಎಂಬ ಏರ್ಪಾಡು ರೂಢಿಗೆ ಬಂದಿತು. ತನ್ನ ತಾಲ್ಲೂಕಿನಿಂದ ಈ ವರ್ಷ ಇಷ್ಟು ಹಣ ಬರುವುದೆಂದು ಅಮಲದಾರನು ಮೊದಲೇ ಮುಚ್ಚಳಿಕೆ ಬರೆದುಕೊಡಬೇಕು; ಕಡಮೆ ಬಿದ್ದರೆ ಅವನೇ ತುಂಬಿಕೊಡಬೇಕು. ಬೊಕ್ಕಸದ ದೃಷ್ಟಿಯಿಂದ ಇದಕ್ಕಿಂತ ಭದ್ರವಾದ ಉಪಾಯ ಇನ್ನೊಂದಿರದು. ಆದರೆ ಅಮಲದಾರನು ತನ್ನ ಮನೆಯಿಂದ ತಂದು ತುಂಬುವನೆ? ಶಿಸ್ತಿನಲ್ಲಿ ಲೆಕ್ಕ ಗದ್ದೆಯಿಂದ ಹುಟ್ಟಿ ಅರಮನೆಗೆ ಏರುತ್ತಿತ್ತು. ಶರ್ತಿನಲ್ಲಿ ಅದು ಅರಮನೆಯಿಂದ ಹೊರಟು ಅಮಲದಾರನ ಮೂಲಕ ಇಳಿದಿಳಿದು ರೈತನ ಬೆನ್ನಿನ ಮೇಲೆ ಬಂದು ನಿಲ್ಲುತ್ತಿತ್ತು. ಹುಟ್ಟುವಳಿಯ ಮೊತ್ತವನ್ನು ತಲುಪಿದ ಅಧಿಕಾರಿಗೆ ಮೆಚ್ಚುಗೆ ದೊರೆಯಿತು. ಹೇಗೆ ತಲುಪಿದನೆಂದು ಕೇಳುವವರಿರಲಿಲ್ಲ.

1830ರಲ್ಲಿ ನಗರದ ಸೀಮೆಯ ರೈತರು ಕೂಟ ಕಟ್ಟಿ ಎದ್ದುನಿಂತರು. ನಗರವೆಂದರೆ ಹಳೆಯ ಬಿದನೂರೇ. ಕಂದಾಯದ ಕಷ್ಟವನ್ನು ಹೇಳಿಕೊಳ್ಳಲು ಸೇರಿದ ಕೂಟ ದಂಗೆಯಾಗಿ ಬೆಳೆಯಿತು. 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನೇ ತಮ್ಮ ಕೈಗೆ ತೆಗೆದುಕೊಳ್ಳಲು ಇದು ಮುಖ್ಯ ನೆಪವಾಯಿತು. 50 ವರ್ಷ ಅದು ಒಡೆಯರ ಮನೆತನಕ್ಕೆ ಮರಳಲಿಲ್ಲ. ದಂಗೆಯ ಕಾರಣಗಳನ್ನು ವಿಚಾರಿಸಲು ನೇಮಕವಾದ ಸಮಿತಿ 1833ರ ಕೊನೆಯಲ್ಲಿ ವರದಿ ಒಪ್ಪಿಸಿತು. ಅದರ ವಿವರಗಳು ಇಲ್ಲಿ ಅಪ್ರಸ್ತುತ. ಒಂದು ಸಂಗತಿ ಮಾತ್ರ ಗಮನಾರ್ಹವಾದುದು. ಎದ್ದ ರೈತರ ಮುಂದೆ ಬೂದಿ ಬಸವಪ್ಪ ಎಂಬವನು ತಾನು ಕೆಳದಿಯ ಅರಸರ ಉತ್ತರಾಧಿಕಾರಿಯೆಂದು ಹೇಳಿಕೊಂಡು ಬಂದನು. ಅವನ ನಿಜವಾದ ಹೆಸರು ಸಾದರ ಮಲ್ಲ. ಆ ವಂಶಕ್ಕೂ ಅವನಿಗೂ ಸಂಬಂಧವಿರಲಿಲ್ಲ. ಆದರೂ ಜನ ಅವನ ಹಿಂದೆ ನಡೆದರು. ಕೆಳದಿಯ ಮನೆತನ ರಾಜ್ಯವನ್ನು ಕಳೆದುಕೊಂಡು ಆಗ 67 ವರ್ಷಗಳಾಗಿದ್ದವು. ಅದರ ಆಳ್ವಿಕೆಯನ್ನು ಕಣ್ಣಾರೆ ಕಂಡವರು ಆ ಕೂಟಗಳಲ್ಲಿ ಹೆಚ್ಚು ಮಂದಿ ಇದ್ದಿರಲಾರರು.